ನೀಲಿ ಟೋಪಿಯವನ ಕಲ್ಲು

ಸತ್ತವರ ಬಾಯಿಗೆ ಅಕ್ಕಿಕಾಳು ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಸತ್ತವನ ಬಾಯಿಗೆ ಸುಳ್ಳು ತುರುಕಿ, ಮೇಲೊಂದು ಚೆಂಡುಹೂವಿನ ಹಾರ ಹಾಕುವುದನ್ನು ಗುಬ್ಬಿಯ ಚಾಂದ್ ಬೀ ಕಣ್ಣಾರೆ ನೋಡಬೇಕಾಯಿತು.

ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿದ ವರ್ಷ ಅದು, ಎಪ್ಪತ್ತೆರಡು. ಹಿಂದಿನ ಚಳಿಗಾಲದಲ್ಲಿ ಪಾಕಿಸ್ತಾನದ ಮೇಲೆ ಯುದ್ಧ ಗೆದ್ದ ಬಿಸಿ ಇನ್ನೂ ಆರಿರಲಿಲ್ಲ. ಊರೂರಲ್ಲಿ ಕಲ್ಲು ನೆಡುವ ಗೀಳು ಹಿಡಿದಿತ್ತು. ಗುಬ್ಬಿ ಪೇಟೆಯಲ್ಲೂ ನಾಲ್ಕು ಜನ ದೊಡ್ಡವರು ಸೇರಿ ರಜತೋತ್ಸವ ಸಮಿತಿ ಅಂತ ಮಾಡಿಕೊಂಡರು. ಕಲ್ಲು ನೆಡುವುದೇನೋ ಸರಿ, ಅದರ ಮೇಲೆ ಹೆಸರು ಬೇಕಲ್ಲ! ಹುಡುಕಿದರು, ಹುಡುಕಿದರು, ಯುದ್ಧದಲ್ಲಿ ಸತ್ತವನೊಬ್ಬನೂ ಕೈಗೆ ಸಿಗಲಿಲ್ಲ. ಕೊನೆಗೆ ಯಾರಿಗೋ ಚಾಂದ್ ಬೀಯ ಗಂಡ ರಹಮತ್ ಉಲ್ಲಾ ನೆನಪಾದ. ಮಿಲಿಟರಿಯಲ್ಲಿದ್ದ, ಸತ್ತಿದ್ದಾನೆ. ಇನ್ನೇನು ಬೇಕು?

ಸಮಿತಿಯ ಅಧ್ಯಕ್ಷ, ಕೊಬ್ಬರಿ ಮಂಡಿಯ ಪರಮಶಿವಯ್ಯ, ತಾನೇ ಮನೆ ಬಾಗಿಲಿಗೆ ಬಂದ. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. "ಚಾಂದಮ್ಮ, ನಿಮ್ ಯಜಮಾನ್ರ ಹೆಸರ್ನಲ್ಲಿ ಬಸ್ ಸ್ಟ್ಯಾಂಡ್ ಮುಂದೆ ಕಲ್ಲು ನೆಡ್ತೀವಿ ಕಣಮ್ಮ. ಆಗಸ್ಟ್ ಹದಿನೈದಕ್ಕೆ. ತುಮಕೂರಿಂದ ದೊಡ್ಡ ಸಾಹೇಬರು ಬರ್ತಾರೆ" ಅಂದ.

ಬೀಡಿ ಕಟ್ಟುತ್ತಿದ್ದ ಚಾಂದ್ ಬೀಯ ಕೈ ನಿಂತಿತು. ಅವಳಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಕೇರಿಗೆಲ್ಲ ಗೊತ್ತು. ಅವತ್ತು ಮಾತ್ರ ಕಣ್ಣು ತುಂಬಿ ಬಂತು. ತನಗಾಗಿ ಅಲ್ಲ, ಒಳಗೆ ಗೋಡೆಗೊರಗಿ ಕೂತಿದ್ದ ಅತ್ತೆ ಜೈನಬ್ ಬೀಗಾಗಿ.

ಏಕೆಂದರೆ ರಹಮತ್ ಉಲ್ಲಾನ ಗೋರಿ ಈ ಊರಲ್ಲಿಲ್ಲ, ಈ ದೇಶದಲ್ಲೇ ಇಲ್ಲ. ಅವನು ಮಿಲಿಟರಿ ಲಾರಿಯ ಡ್ರೈವರ್. ಅರವತ್ತಾರರಲ್ಲಿ ಅವನನ್ನು ಸಮುದ್ರದಾಚೆ ಗಾಜಾ ಅನ್ನುವ ಕಡೆಗೆ ಕಳಿಸಿದರು. ಅಲ್ಲಿ ಎರಡು ದೇಶ, ನಡುವೆ ಒಂದು ಗಡಿ. ನಂದು ಅಂತ ಇವರು, ನಂದು ಅಂತ ಅವರು. ಇಬ್ಬರೂ ಕಾದಾಡದಿರಲಿ ಅಂತ ವಿಶ್ವಸಂಸ್ಥೆಯವರು ನಾನಾ ದೇಶದ ಸಿಪಾಯಿಗಳನ್ನು ತಂದು ಆ ಗಡಿಯ ಮೇಲೆ ನಿಲ್ಲಿಸಿದ್ದರು. ತಲೆಗೆ ನೀಲಿ ಟೋಪಿ, ಲಾರಿಗೆ ಬಿಳಿ ಬಣ್ಣ. ಬಂದೂಕು ಉಂಟು, ಆದರೆ ಯಾರಾದರೂ ಮೈಮೇಲೆ ಬೀಳದ ಹೊರತು ಹೊಡೆಯುವಂತಿಲ್ಲ. ಹೊತ್ತು ಹುಟ್ಟಿದರೆ ರಹಮತ್ ಉಲ್ಲಾ ಕಾವಲಿನವರಿಗೆಲ್ಲ ಕುಡಿಯುವ ನೀರು ಹೊತ್ತುಕೊಂಡು ಗಡಿಯ ಉದ್ದಕ್ಕೂ ಲಾರಿ ಓಡಿಸುತ್ತಿದ್ದ. ದಾರಿ ತಪ್ಪಿ ಆಚೆ ಹೋದ ಕುರಿಯನ್ನು ಹೊತ್ತು ತಂದು ಈಚೆಯ ಕುರಿಗಾಹಿ ಹೆಂಗಸಿನ ಕೈಗೆ ಕೊಡುತ್ತಿದ್ದ.

ಅರವತ್ತೇಳರ ರಂಜಾನ್ ಹಬ್ಬಕ್ಕೆ ರಜೆಯ ಮೇಲೆ ಬಂದಾಗ ಇದನ್ನೆಲ್ಲ ಹೇಳಿ ನಗಿಸಿದ್ದ. ಆ ರಜೆಯಲ್ಲೇ ಒಂದು ದಿನ ಬೀದಿ ನಲ್ಲಿಯ ಹತ್ತಿರ ಪಕ್ಕದ ಮನೆಯ ವನಜಮ್ಮನಿಗೂ ಮೇಲಿನ ಕೇರಿಯ ಹೆಂಗಸೊಬ್ಬಳಿಗೂ ಕೊಡ ಕೊಡ ತಾಗುವ ಜಗಳ ಬಿತ್ತು. ಬಿಡಿಸಲು ನಡುವೆ ನುಗ್ಗಿದ ರಹಮತ್ ಉಲ್ಲಾನ ತಲೆಗೆ ವನಜಮ್ಮನ ಹಿತ್ತಾಳೆ ಕೊಡದ ಏಟು ಬಿತ್ತು. ಬುರುಡೆ ಊದಿಸಿಕೊಂಡು ಮನೆಗೆ ಬಂದವನು, ಅರಿಶಿನ ಮೆತ್ತುತ್ತ ಬೈಯುತ್ತಿದ್ದ ಹೆಂಡತಿಗೆ, "ಅಲ್ಲೂ ನನಗೆ ಇದೇ ನೌಕರಿ ಕಣೇ. ನಡುವೆ ನಿಂತವನನ್ನ ಎರಡು ಕಡೆಯವರೂ ಬೈತಾರೆ. ಬೈಲಿ ಬಿಡು. ನನ್ನ ಬೈಯೋ ಹೊತ್ತಲ್ಲಿ ಅವರು ಒಬ್ಬರನ್ನೊಬ್ಬರು ಹೊಡಿಯಲ್ಲವಲ್ಲ" ಅಂದಿದ್ದ.

ಆ ಜೂನ್‌ನಲ್ಲಿ ಅಲ್ಲಿ ಯುದ್ಧ ಹೊತ್ತಿಕೊಂಡಿತು. ನಡುವೆ ನಿಂತವರಿಗೆ ಗಂಟು ಕಟ್ಟಿ ಹೊರಡಿ ಅಂತ ಆಗಲೇ ಅಪ್ಪಣೆಯಾಗಿತ್ತು. ಹೊರಡುವ ಗಡಿಬಿಡಿಯಲ್ಲಿದ್ದ ಬಿಳಿ ಲಾರಿಯ ಮೇಲೆ ಆಕಾಶದಿಂದ ಗುಂಡು ಸುರಿಯಿತು. ಮನೆಗೆ ಬಂದದ್ದು ಒಂದು ತಂತಿ, ಒಂದು ಟ್ರಂಕು. ಟ್ರಂಕಿನಲ್ಲಿ ಒಂದು ನೀಲಿ ಟೋಪಿ. ಹೆಣವನ್ನು ಅಲ್ಲೇ ಮಣ್ಣು ಮಾಡಿದ್ದರು.

ಶಬೇ ಬರಾತ್ ದಿನ ಎಲ್ಲರೂ ತಮ್ಮವರ ಗೋರಿಗೆ ಹೂ ಹಾಕುತ್ತಾರೆ. ಹೆಂಗಸರು ಖಬರಸ್ತಾನದ ಒಳಗೆ ಹೋಗುವ ರೂಢಿ ಅಲ್ಲಿಲ್ಲ. ಜೈನಬ್ ಬೀ ಗೇಟಿನ ಹೊರಗೆ ನಿಂತು, ಕಿರಿಮಗ ಮನ್ಸೂರ್ ಅಲಿಯ ಕೈಗೆ ಎರಡು ಪೊಟ್ಟಣ ಕೊಡುತ್ತಿದ್ದಳು. ಒಂದು ತನ್ನ ಗಂಡನ ಗೋರಿಗೆ. ಇನ್ನೊಂದನ್ನು ಮನ್ಸೂರ್ ಮೂಲೆಯಲ್ಲಿ ಕುಸಿದುಹೋದ, ಯಾರದೆಂದು ಯಾರಿಗೂ ಗೊತ್ತಿಲ್ಲದ ಗೋರಿಯ ಮೇಲೆ ಸುರಿದು ಬರುತ್ತಿದ್ದ. ಅದು ಅಣ್ಣನ ಪಾಲು. ಮಗನ ಹೆಸರಿರುವ ಒಂದು ಕಲ್ಲು, ತಾನೇ ಕೈಯಾರೆ ಮುಟ್ಟಬಹುದಾದ ಒಂದು ಕಲ್ಲು ಬೇಕು ಅಂತ ಮುದುಕಿ ಐದು ವರ್ಷದಿಂದ ಹಂಬಲಿಸುತ್ತಿದ್ದಳು.

ಹಾಗಾಗಿ ಚಾಂದ್ ಬೀ ಪರಮಶಿವಯ್ಯನಿಗೆ ಕೈ ಮುಗಿದಳು. ಟ್ರಂಕಿನಿಂದ ನೀಲಿ ಟೋಪಿಯನ್ನೂ, ಆ ಟೋಪಿಯಲ್ಲಿ ತೆಗೆಸಿದ ಫೋಟೋವನ್ನೂ ತಂದಿಟ್ಟಳು. ಅವನು ಫೋಟೋ ತಿರುಗಿಸಿ ಮುರುಗಿಸಿ ನೋಡಿ, "ಬಂದೂಕು ಹಿಡ್ಕೊಂಡಿರೋದು ಇಲ್ವಾ?" ಅಂದ. ಇಲ್ಲ ಅಂದಳು. "ಇರ್ಲಿ ಬುಡಿ" ಅಂದು ಟೋಪಿಯನ್ನೂ ಫೋಟೋವನ್ನೂ ಅಲ್ಲೇ ಬಿಟ್ಟು ಹೋದ. ಆಗಲೇ ಅವಳಿಗೆ ಗೊತ್ತಾಗಬೇಕಿತ್ತು.

ಕಲ್ಲು ಕೆತ್ತುವ ಕದರಯ್ಯನ ಚಪ್ಪರ ರೈಲ್ವೆ ಗೇಟಿನ ಹತ್ತಿರ. ಕುಣಿಗಲ್ ಕಡೆಯಿಂದ ತಂದ ಆಳುದ್ದದ ಚಪ್ಪಡಿ. ಚಾಂದ್ ಬೀ ಅಂಗಡಿಗೆ ಬೀಡಿ ಕೊಟ್ಟು ಬರುತ್ತ ಒಂದು ಮಧ್ಯಾಹ್ನ ಅತ್ತ ಇಣುಕಿದಳು. ತವರಾದ ಕುಣಿಗಲ್‌ನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಮೇಲ್ಗಡೆ ದಪ್ಪಕ್ಷರದಲ್ಲಿ ಗಂಡನ ಹೆಸರು ಕಂಡು ಎದೆ ತುಂಬಿತು. ಕೆಳಗೆ ಓದುತ್ತ ಹೋದಳು.

"೧೯೬೫ರ ಪಾಕಿಸ್ತಾನ ಯುದ್ಧದಲ್ಲಿ ಶತ್ರುಗಳನ್ನು ಸದೆಬಡಿದು ವೀರಸ್ವರ್ಗ ಸೇರಿದ ಗುಬ್ಬಿಯ ಕಲಿ."

ಅಯ್ಯೋ ನಿಮ್ಮ ಮನೆ ಹಾಳಾಗ! ಅವಳು ಅಲ್ಲೇ ಕೂಗಿದಳು. "ಯಾರಯ್ಯ ಇದನ್ನ ಬರ್ದೋರು?"

ಕದರಯ್ಯ ಉಳಿ ಕೆಳಗಿಟ್ಟ. "ನನ್ನ ಯಾಕಮ್ಮ ಬೈತೀಯ? ಸಾವ್ಕಾರ್ರು ಹೇಳಿದ್ದು ಕುಟ್ದೆ. ಕಲಿ ಅಂತ ಹಾಕಯ್ಯ, ಜೋರಾಗಿರ್ತದೆ ಅಂದ್ರು."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಕೊಬ್ಬರಿ ಮಂಡಿಗೆ ನಡೆದಳು. ಮಂಡಿಯ ತುಂಬ ಜನ. ಪರಮಶಿವಯ್ಯ ಗಾದಿಯ ಮೇಲೆ ಕಾಲು ಮಡಚಿ ಕೂತು ಕಾಫಿ ಕುಡಿಯುತ್ತಿದ್ದ.

"ಸಾವ್ಕಾರ್ರೇ, ನನ್ನ ಗಂಡ ಸತ್ತಿದ್ದು ಯಾವಾಗ?"

"ಯಾಕಮ್ಮ, ಬನ್ನಿ, ಕೂತ್ಕೊಳ್ಳಿ."

"ಕೂರಕ್ಕೆ ಬಂದಿಲ್ಲ. ಅರವತ್ತೈದರಲ್ಲಿ ಸತ್ತ ಅಂತ ಕೆತ್ಸಿದೀರಲ್ಲ, ಹಾಗಾದ್ರೆ ಅರವತ್ತೇಳರಲ್ಲಿ ಹಬ್ಬಕ್ಕೆ ಬಂದು ಶಾವಿಗೆ ಪಾಯಸ ಕುಡಿದು ಹೋದೋನು ಯಾರು? ಭೂತಾನಾ? ಅರವತ್ತೈದರ ಯುದ್ಧದಲ್ಲಿ ಅವ್ರು ಪುಣೆಯಲ್ಲಿ ಲಾರಿ ರಿಪೇರಿ ಮಾಡ್ತಿದ್ರು. ಪಾಕಿಸ್ತಾನದ ದಿಕ್ಕಿಗೂ ಹೋಗ್ಲಿಲ್ಲ. ಒಬ್ಬ ಶತ್ರು ಮುಖಾನೂ ನೋಡ್ಲಿಲ್ಲ."

ಪರಮಶಿವಯ್ಯ ಲೋಟ ಕೆಳಗಿಟ್ಟ. ಅವನು ಕೆಟ್ಟವನೆಂದು ಹೇಳಲಾರೆ. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡು ಮಾಡುವವರಿದ್ದಾರಲ್ಲ, ಅವರ ಸಹವಾಸ ಬೇಡಪ್ಪ. ದನಿ ತಗ್ಗಿಸಿ, ಮಗುವಿಗೆ ತಿಳಿಹೇಳುವಂತೆ ಹೇಳಿದ: "ನೋಡಿ ಚಾಂದಮ್ಮ, ಗಾಜಾ ಅಂದ್ರೆ ಈ ಊರಲ್ಲಿ ಯಾರಿಗ್ ಗೊತ್ತು? ಯಾರೋ ಇಬ್ರು ಜಗಳಕ್ಕೆ ನಾವ್ ಯಾಕೆ ಹೋದೋ ಅಂತಾರೆ. ಪಾಕಿಸ್ತಾನ ಅಂದ್ರೆ ಮಗೂಗೂ ಅರ್ಥ ಆಗ್ತದೆ. ಅಲ್ದೆ, ಸಾಬರೋನು ಪಾಕಿಸ್ತಾನದ ಮೇಲೆ ಹೊಡೆದಾಡಿ ಸತ್ತ ಅಂದ್ರೆ ನಾಳೆ ನಿಮ್ ಜನಕ್ಕೇ ಒಳ್ಳೇದಲ್ವಾ? ಯೋಚ್ನೆ ಮಾಡಿ."

ಚಾಂದ್ ಬೀಗೆ ಮೈಯೆಲ್ಲ ಉರಿದುಹೋಯಿತು. "ನಮ್ ಜನಕ್ಕೆ ಏನಾಗಿದೆ ಅಂತ ಒಳ್ಳೇದು ಮಾಡಕ್ಕೆ ಬಂದ್ರಿ? ಸುಳ್ಳು ಅಳ್ಸಿ, ನಿಜ ಕೆತ್ಸಿ. ಇಲ್ದಿದ್ರೆ ಕಲ್ಲೇ ಬೇಡ."

"ಟೈಮಿಲ್ಲ ಕಣಮ್ಮ. ಸಾಹೇಬರಿಗೂ ಹಿಂಗೇ ಅಂತ ಹೇಳಾಗಿದೆ" ಅಂದು ಅವನು ಇನ್ನೊಬ್ಬ ಗಿರಾಕಿಯತ್ತ ತಿರುಗಿದ.

ಮನೆಗೆ ಬಂದರೆ ಮೈದುನ ಮನ್ಸೂರ್ ಅಲಿ ಅವಳಿಗಿಂತ ಮೊದಲೇ ಬಂದು ಕಾದಿದ್ದ. ಮಂಡಿಯ ಸುದ್ದಿ ಅವನ ಸೈಕಲ್ ಶಾಪಿಗೆ ಅವಳ ಕಾಲಿಗಿಂತ ಬೇಗ ತಲುಪಿತ್ತು. ಮನೆಯೊಳಗೆ ಅವರ ಮಾತು ಉರ್ದು. ಓದುವವರಿಗಾಗಿ ಇಲ್ಲಿ ಕನ್ನಡ.

"ಭಾಬಿ, ಕೈ ಮುಗೀತೀನಿ, ಸುಮ್ಮನಿರು" ಅಂದ. "ಯುದ್ಧದ ಹೊತ್ತಲ್ಲಿ ನನ್ನ ಅಂಗಡಿ ಮುಂದೆ ನಿಂತು ಏನೇನು ಕೂಗಿದರು, ಮರೆತೆಯಾ? ಈ ಕಲ್ಲಿನ ಸುದ್ದಿ ಬಂದ ಮೇಲೆ ಅದೇ ಹೋಟೆಲ್ ರಾಮಾಂಜಿನಯ್ಯ ಕರೆದು ಟೀ ಕೊಡ್ತಾನೆ. ಒಂದು ಸಾಲು ಸುಳ್ಳಿದ್ದರೆ ಯಾರ ಗಂಟು ಹೋಯಿತು?"

"ನನ್ನ ಗಂಡನ ಗಂಟು ಹೋಯಿತು! ಅವರು ಬದುಕಿದ್ದಷ್ಟು ದಿನ ಹೊಡೆದಾಟ ಬಿಡಿಸಿದರು. ಅವರನ್ನ ಕೊಲೆಗಾರ ಮಾಡಿ, ದೃಷ್ಟಿಬೊಂಬೆ ಥರ ನಿನ್ನ ಅಂಗಡಿ ಬಾಗಿಲಿಗೆ ಕಟ್ಟಿಕೊಳ್ತೀಯಾ?"

ಮನ್ಸೂರ್‌ನ ಮುಖ ಕಪ್ಪಿಟ್ಟಿತು. ಅವನು ಒಳಗೆ ಕೈ ತೋರಿಸಿದ. ಒಳಗೆ ಜೈನಬ್ ಬೀ ಟ್ರಂಕಿನಿಂದ ತನ್ನ ಬಿಳಿ ಸೀರೆ ತೆಗೆದು ಮಡಿಕೆಯ ಕರೆ ಕಾಣುತ್ತದೇನೋ ಅಂತ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹದಿನೈದನೇ ತಾರೀಖಿಗೆ ಉಡಲು.

"ಅಮ್ಮನಿಗೆ ಕಿವಿ ಮಂದ, ಕನ್ನಡವೂ ಅಷ್ಟಾಗಿ ತಿಳಿಯಲ್ಲ, ಓದಲಂತೂ ಬರಲ್ಲ" ಅಂದ ಮನ್ಸೂರ್. "ಹೆಸರು ಮುಟ್ಟಿದರೆ ಸಾಕು ಅವಳಿಗೆ. ಅದನ್ನೂ ಕಿತ್ಕೊಳ್ತೀಯಾ?"

ಆಮೇಲಿನ ದಿನಗಳಲ್ಲಿ ಚಾಂದ್ ಬೀ ಬೀಡಿ ಕಟ್ಟಿದಳೋ, ಎಲೆ ಹರಿದು ಬಿಸಾಡಿದಳೋ, ದೇವರೇ ಬಲ್ಲ. ಒಲೆಯ ಮುಂದೆ ಕೂತು ಸೌದೆಗೆ ಬೈಯುತ್ತಿದ್ದಳು. ಆದರೂ ಅತ್ತೆಯ ಮುಖ ನೋಡಿ ನುಂಗಿಕೊಂಡಳು.

ಆಗಸ್ಟ್ ಹದಿನೈದರ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಮುಂದೆ ಶಾಮಿಯಾನ, ಮೈಕು, ತೋರಣ. ಶಾಲೆಯ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದವು. ಜೀಪಿನಿಂದಿಳಿದ ದೊಡ್ಡ ಸಾಹೇಬರು ಬಟ್ಟೆ ಸರಿಸಿದರು. ಚಪ್ಪಾಳೆ ಬಿತ್ತು. ಪರಮಶಿವಯ್ಯ ಮೈಕಿನ ಮುಂದೆ ಉಬ್ಬಿ ಉಬ್ಬಿ ಮಾತಾಡಿದ. ರಹಮತ್ ಉಲ್ಲಾ ಒಬ್ಬನೇ ಎಷ್ಟೋ ಜನ ಶತ್ರುಗಳನ್ನು ಹೊಡೆದುರುಳಿಸಿದನಂತೆ, ಗುಂಡು ಎದೆಗೆ ನಾಟಿದರೂ ಬಾವುಟ ಬಿಡಲಿಲ್ಲವಂತೆ! ಪಕ್ಕದಲ್ಲೇ ಇದ್ದು ನೋಡಿ ಬಂದವನ ಹಾಗೆ ಹೇಳಿದ. ಚಾಂದ್ ಬೀ ಕುರ್ಚಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಸಾಹೇಬರು ಜೈನಬ್ ಬೀಗೆ ಶಾಲು ಹೊದಿಸಿದರು. ಮುದುಕಿ ಶಾಲನ್ನು ಹಾಗೇ ಸೊಸೆಯ ಮಡಿಲಿಗೆ ಹಾಕಿ, ಕಲ್ಲಿನ ಹತ್ತಿರ ನಡೆದಳು. ಮಗನ ಹೆಸರಿನ ಮೇಲೆ ಬೆರಳಾಡಿಸಿದಳು. ಬೆರಳು ಕೆಳಗಿನ ಸಾಲುಗಳಿಗೆ ಇಳಿಯಿತು.

"ಚಾಂದ್, ಇಲ್ಲಿ ಬಾ" ಅಂದಳು ಉರ್ದುವಿನಲ್ಲಿ. "ಹೆಸರು ಗೊತ್ತಾಯಿತು. ಇಷ್ಟುದ್ದ ಕೆಳಗೆ ಏನು ಬರೆದಿದ್ದಾರೆ? ಓದಿ ಹೇಳು."

ಮನ್ಸೂರ್ ಕಣ್ಣಲ್ಲೇ ಬೇಡಿಕೊಂಡ. ಏನಾದರೂ ಒಂದು ಹೇಳಿಬಿಡಬಹುದಿತ್ತು. ದೇವರು ಕಾಪಾಡಲಿ ಅಂತ ಬರೆದಿದ್ದಾರೆ ಅಂದಿದ್ದರೆ ಮುಗಿಯುತ್ತಿತ್ತು. ಊರೆಲ್ಲ ಹೇಳಿದ ಸುಳ್ಳಿಗೆ ಇವಳದೂ ಒಂದು ಸೇರುತ್ತಿತ್ತು, ಅಷ್ಟೇ. ಚಾಂದ್ ಬೀ ಕಲ್ಲಿನ ಪಕ್ಕ ನಿಂತು, ಅತ್ತೆಯ ಕಿವಿಗೆ ಬಾಗಿ, ಇದ್ದದ್ದನ್ನು ಇದ್ದ ಹಾಗೆ ಒಂದೊಂದೇ ಮಾತನ್ನು ಉರ್ದುವಿಗೆ ತಿರುಗಿಸಿ ಹೇಳಿದಳು.

ಜೈನಬ್ ಬೀ ಕಲ್ಲಿನಿಂದ ಕೈ ತೆಗೆದಳು.

"ಇದು ಯಾರ ಕಲ್ಲು?" ಅಂದಳು. "ನನ್ನ ಮಗನದಲ್ಲ ಇದು. ಮನ್ಸೂರ್, ಹೆಸರಿಲ್ಲದ ಗೋರಿಗೆ ಹೂ ಹಾಕಿಸಿದೆ ನಿನ್ನ ಕೈಲಿ, ಅಲ್ಲಾಹ್ ನನ್ನ ಮಗನಿಗೆ ತಲುಪಿಸ್ತಾನೆ ಅಂತ. ಸುಳ್ಳು ಬರೆದ ಕಲ್ಲಿಗೆ ಹಾಕಿದರೆ ಎಲ್ಲಿಗೆ ಹೋಗಿ ತಲುಪುತ್ತೆ?"

ಸಾಹೇಬರು ಪರಮಶಿವಯ್ಯನ ಕಡೆ ಬಾಗಿ, "ಏನಂತಾರೆ ಅಜ್ಜಿ?" ಅಂತ ಕೇಳಿದರು. "ಸಂತೋಷಕ್ಕೆ ಮಾತೇ ಹೊರಡ್ತಿಲ್ಲ ಸಾರ್" ಅಂದ ಪರಮಶಿವಯ್ಯ.

ಅಲ್ಲಿಗೆ ಚಾಂದ್ ಬೀಯ ಕಟ್ಟೆ ಒಡೆಯಿತು. ಅವಳು ಹೋಗಿ ಮೈಕು ಹಿಡಿದುಕೊಂಡಳು.

"ಸಂತೋಷ ಅಲ್ಲ ಸಾಹೇಬರೇ, ಹೊಟ್ಟೆ ಉರಿ! ಇವರು ಬರ್ಸಿರೋದು ಸುಳ್ಳು. ನನ್ನ ಗಂಡ ಯಾರನ್ನೂ ಹೊಡೆದುರುಳಿಸ್ಲಿಲ್ಲ. ಎರಡು ದೇಶದ ನಡುವೆ ಗಡಿ ಮೇಲೆ ನಿಂತು ಜಗಳ ಬಿಡ್ಸಕ್ಕೆ ಹೋಗಿದ್ರು. ನೀಲಿ ಟೋಪಿ ಹಾಕ್ಕೊಂಡು ಹೋಗಿದ್ರು. ನೀರಿನ ಲಾರಿ ಓಡಿಸ್ತಿದ್ರು. ಹೊರಡಿ ಅಂದ್ಮೇಲೆ ಹೊರಟಿದ್ರು. ದೊಡ್ಡೋರ ಜಗಳದಲ್ಲಿ ಮೇಲಿಂದ ಗುಂಡು ಹೊಡೆದು ಸಾಯಿಸಿದ್ರು. ಇದು ನಿಜ. ಇದನ್ನ ಬರೀರಿ!"

ಶಾಮಿಯಾನದೊಳಗೆ ಗುಜುಗುಜು ಎದ್ದಿತು. ಹಿಂದಿನಿಂದ ಹೋಟೆಲ್ ರಾಮಾಂಜಿನಯ್ಯ ಕೂಗಿದ: "ಒಂದು ಗುಂಡೂ ಹಾರಿಸ್ದೆ ಸತ್ತನಾ ಹಂಗಾದ್ರೆ? ಅಂಥೋನಿಗೆ ಕಲ್ಲು ಯಾಕ್ರಯ್ಯ?" ನಾಲ್ಕು ಜನ ನಕ್ಕರು.

ನಕ್ಕರು! ಐದು ನಿಮಿಷದ ಹಿಂದೆ ಕಣ್ಣೊರೆಸಿಕೊಳ್ಳುತ್ತಿದ್ದವರೇ ನಕ್ಕರು.

"ರಾಮಾಂಜಿನಣ್ಣ, ಮುಂದೆ ಬಾ" ಅಂದಳು ಚಾಂದ್ ಬೀ. "ನಿನ್ ಹೋಟ್ಲು ಮುಂದೆ ಇಬ್ರು ಕುಡಿದು ಹೊಡೆದಾಡ್ದಾಗ ಮೊದ್ಲು ಬಾಗ್ಲು ಹಾಕ್ಕೊಳ್ಳೋನು ನೀನೇ ಅಲ್ವಾ? ಒಂದ್ ದಿನ ನಡುವೆ ಹೋಗಿ ನಿಂತ್ಕೊ. ಕೈಯಲ್ಲಿ ದೊಣ್ಣೆ ಇರ್ಲಿ, ಎತ್ತಬೇಡ. ಆಮೇಲೆ ಬಂದು ಹೇಳು, ಹೊಡೆಯೋದು ಕಷ್ಟಾನಾ, ಹೊಡೀದೆ ನಿಂತ್ಕೊಳೋದು ಕಷ್ಟಾನಾ ಅಂತ."

"ಅವ್ಳು ಹೇಳೋದು ದಿಟ!" ಹೆಂಗಸರ ಕಡೆಯಿಂದ ವನಜಮ್ಮ ಎದ್ದು ನಿಂತಳು. "ನನ್ ಕೊಡದ ಏಟು ತಿಂದವ್ನೆ ಆ ಪುಣ್ಯಾತ್ಮ. ತಿರುಗಿಸಿ ಒಂದ್ ಮಾತೂ ಅನ್ಲಿಲ್ಲ. ಅವತ್ತು ಅಡ್ಡ ಬರ್ದೇ ಹೋಗಿದ್ರೆ ನಾನು ಆ ಮೇಲಿನ್ ಕೇರಿಯೋಳ ಬುರುಡೆ ಬಿಚ್ಚಿ ಜೈಲಿಗೆ ಹೋಗ್ತಿದ್ದೆ!"

ಯಾರೋ ಮೈಕಿನ ತಂತಿ ಕಿತ್ತರು. ಸಾಹೇಬರು ಗಡಿಯಾರ ನೋಡಿಕೊಂಡು ಜೀಪು ಹತ್ತಿದರು. ಮಕ್ಕಳಿಗೆ ಮಿಠಾಯಿ ಹಂಚದೆಯೇ ಸಮಾರಂಭ ಮುಗಿಯಿತು. ಬಯ್ಗುಳ ಮಾತ್ರ ಮುಗಿಯಲಿಲ್ಲ. ಮನ್ಸೂರ್‌ನ ಅಂಗಡಿಗೆ ಕೆಲವು ದಿನ ಪಂಕ್ಚರ್ ಹಾಕಿಸಲೂ ಜನ ಬರಲಿಲ್ಲ. ಅವನು ಅತ್ತಿಗೆಯ ಜೊತೆ ಮಾತು ಬಿಟ್ಟ. ಅವಳೂ ತಾನಾಗಿ ಹೋಗಿ ಮಾತಾಡಿಸಲಿಲ್ಲ.

ಸುಳ್ಳು ಅಳಿಸಿ ನಿಜ ಬರೆಸುತ್ತಾರೇನೋ ಅಂತ ಕಾದಳು. ಕೊನೆಗೆ ತಾನೇ ಮತ್ತೆ ಮಂಡಿಗೆ ಹೋಗಿ ಕೇಳಿದಳು. ಪರಮಶಿವಯ್ಯನ ಮುಖದಲ್ಲಿ ಈ ಸಲ ನಗುವಿರಲಿಲ್ಲ. "ಹೊಡೆದಾಡಿ ಸತ್ತೋರಿಗೆ ಕಲ್ಲು ನೆಡ್ತಾರೆ ಕಣಮ್ಮ. ಹೊಡೆದಾಟ ಬಿಡ್ಸಕ್ಕೆ ಹೋಗಿ ಸತ್ತೋರಿಗೆ ಯಾವ ಊರಲ್ಲೂ ನೆಡಲ್ಲ. ಊರ ಮರ್ಯಾದೆ ತೆಗೆದ್ರಿ, ಹೋಗಿ" ಅಂದ.

ಅದೇ ವಾರ ಕಲ್ಲನ್ನು ಕಿತ್ತು ಬಸ್ ಸ್ಟ್ಯಾಂಡ್ ಹಿಂದಿನ ಮೋರಿಯ ಪಕ್ಕ ಉರುಳಿಸಿದರು. ಅದರ ಜಾಗದಲ್ಲಿ ಹೊಸ ಕಲ್ಲು ಬಂತು. ಅದರ ಮೇಲೆ ಯಾರ ಹೆಸರು ಅಂತೀರಿ? ಸಮಿತಿಯವರದೇ! ಅಧ್ಯಕ್ಷರಿಂದ ಹಿಡಿದು ಖಜಾಂಚಿಯವರೆಗೆ ಒಬ್ಬರನ್ನೂ ಬಿಡದೆ ಕೆತ್ತಿಸಿಕೊಂಡಿದ್ದರು. ನಾಚಿಕೆ ಅನ್ನುವುದು ಸಂತೆಯಲ್ಲಿ ಸಿಗುವ ಸಾಮಾನಲ್ಲ.

ಮೋರಿಯ ಪಕ್ಕದ ಕಲ್ಲಿನ ಮೇಲೆ ನಾಯಿ ಕಾಲೆತ್ತುವುದನ್ನು ಒಂದು ದಿನ ಚಾಂದ್ ಬೀ ಕಂಡಳು. ಅಲ್ಲಿಂದ ಸೀದಾ ಕದರಯ್ಯನ ಚಪ್ಪರಕ್ಕೆ ಹೋಗಿ, "ಗಾಡಿ ಕಟ್ಟು" ಅಂದಳು. ಅವನು ಗೊಣಗಿಕೊಂಡೇ ಎತ್ತು ಹೂಡಿದ. ಕಲ್ಲು ಮನೆಯ ಹಿತ್ತಿಲಿಗೆ ಬಂತು. ಅದನ್ನು ತಿಕ್ಕಿ ತಿಕ್ಕಿ ತೊಳೆದು, ಹೆಸರಿನ ಕೆಳಗೆ ಕೈಯಲ್ಲಿ ಗೆರೆ ಎಳೆದು ತೋರಿಸಿದಳು.

"ಇಲ್ಲಿಗೆ ಒಡಿ."

"ಇಷ್ಟ್ ಚೆನ್ನಾಗಿರೋ ಚಪ್ಪಡಿನಾ?"

"ಒಡಿ ಅಂದೆ."

ಕದರಯ್ಯ ಗೆರೆಯುದ್ದಕ್ಕೂ ತೂತು ಹೊಡೆದು, ಬೆಣೆ ಇಟ್ಟು, ಸುತ್ತಿಗೆ ಬೀಸಿದ. ಚಪ್ಪಡಿ ಎರಡು ಹೋಳಾಯಿತು. ಹೆಸರಿನ ಹೋಳನ್ನು ದಾಳಿಂಬೆ ಗಿಡದ ಬುಡದಲ್ಲಿ ನೆಡಿಸಿದಳು. ಇನ್ನೊಂದು ದೊಡ್ಡ ಹೋಳನ್ನು ಬಚ್ಚಲಿನ ಪಕ್ಕ, ಅಕ್ಷರ ಮೇಲೆ ಬರುವಂತೆ, ಕೊಂಚ ಓರೆಯಾಗಿ ಕೂರಿಸಿದಳು.

ಶಬೇ ಬರಾತ್ ದಿನ ಜೈನಬ್ ಬೀ ಅದೇ ಬಿಳಿ ಸೀರೆ ಉಟ್ಟು ದಾಳಿಂಬೆ ಗಿಡದ ಕೆಳಗೆ ಕೂತಳು. ಮಾತು ಬಿಟ್ಟಿದ್ದ ಮನ್ಸೂರ್ ಬಂದು ಅಮ್ಮನ ಕೈಗೆ ಮಲ್ಲಿಗೆಯ ಪೊಟ್ಟಣ ಕೊಟ್ಟು, ಅತ್ತಿಗೆಗೆ, "ಊದಿನಕಡ್ಡಿ ಇದೆಯಾ ಭಾಬಿ?" ಅಂದ. ಚಾಂದ್ ಬೀ ಒಳಗಿನಿಂದ ಊದಿನಕಡ್ಡಿಯ ಜೊತೆ ನೀಲಿ ಟೋಪಿಯನ್ನೂ ತಂದಳು. ಮುದುಕಿ ಮಗನ ಹೆಸರಿನ ಮೇಲೆ ತನ್ನ ಕೈಯಾರೆ ಹೂ ಸುರಿದಳು.

ಮಾರನೆಯ ಬೆಳಿಗ್ಗೆ ಬಚ್ಚಲಿನ ಪಕ್ಕ ದಪ್ ದಪ್ ಸದ್ದು ಕೇಳಿ ವನಜಮ್ಮ ಗೋಡೆಯ ಮೇಲಿಂದ ಇಣುಕಿದಳು. ಚಾಂದ್ ಬೀ ನೆನೆಸಿದ ಕಂಬಳಿಯನ್ನು ಎರಡೂ ಕೈಯಲ್ಲಿ ಎತ್ತಿ ಕಲ್ಲಿಗೆ ಅಪ್ಪಳಿಸುತ್ತಿದ್ದಳು.

"ಏನೇ ಚಾಂದು, ಗಂಡನ ಕಲ್ಲಿನ ಮೇಲೆ ಬಟ್ಟೆ ಒಗೀತಿದೀಯಲ್ಲೇ! ನಿಂಗೇನ್ ಬಂತೇ?"

"ಗಂಡನ ಕಲ್ಲು ಅಗೋ, ಗಿಡದ ಕೆಳಗಿದೆ" ಅಂದಳು ಚಾಂದ್ ಬೀ. "ಇದು ಪರಮಶಿವಯ್ಯನ ಕಲ್ಲು."

ವನಜಮ್ಮ ಕತ್ತು ಚಾಚಿ ನೋಡಿದಳು. ಸೋಪಿನ ನೊರೆಯ ನಡುವೆ 'ಸದೆಬಡಿದು' ಅನ್ನುವ ಅಕ್ಷರ ಇನ್ನೂ ಚೂಪಾಗಿ ಕಾಣುತ್ತಿತ್ತು. "ಅಯ್ಯೋ ಹುಚ್ಚಿ, ಕುಣಿಗಲ್ ಕಲ್ಲು ಕಣೇ ಅದು. ಒಗೆದ್ರೆಲ್ಲ ಎಲ್ಲಿ ಸವೀತದೆ?"

"ಸವೀದೆ ಎಲ್ಲಿಗೆ ಹೋಗ್ತದೆ" ಅಂದು ಚಾಂದ್ ಬೀ ಮತ್ತೆ ಕಂಬಳಿ ಎತ್ತಿದಳು. "ದಿನಾ ಬಟ್ಟೆ ಕೊಳೆ ಆಗ್ತದಲ್ಲ."